ಅಂಗಳದಲ್ಲಿ ಬಿದ್ದ ಎಣ್ಣೆಯ ಹನಿ

ಬೆಳಗಿನ ಜಾವ ಅಂಗಳಕ್ಕೆ ನೀರು ಹಾಕಿ ರಂಗೋಲಿ ಇಡಲು ಹೋದ ನಮ್ಮ ಮನೆಯಾಕೆ ರಂಗೋಲಿಯ ಬಟ್ಟಲನ್ನು ಹಾಗೆಯೇ ಹಿಡಿದುಕೊಂಡು ಒಳಗೆ ಬಂದಳು. "ಏನ್ರೀ, ಸ್ವಲ್ಪ ಹೊರಗೆ ಬಂದು ನೋಡಿ, ನಿಮ್ಮ ತಮ್ಮನ ಮಗನ ಕಾರು ಅಂಗಳದಲ್ಲಿ ಏನು ಮಾಡಿಟ್ಟಿದೆ ಅಂತ" ಎಂದಳು. ಹೊರಗೆ ಬಂದು ನೋಡಿದರೆ, ಹೊಸದಾಗಿ ಹಾಸಿದ ಗ್ರಾನೈಟ್ ಕಲ್ಲಿನ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ಮೂರು ಕಪ್ಪು ಕಲೆಗಳು. ಬೆರಳಿನಿಂದ ಮುಟ್ಟಿ ನೋಡಿದೆ. ಎಣ್ಣೆ! ಇದು ಎರಡು ವರ್ಷಗಳ ಹಿಂದಿನ ಮಾತು. ಆ ಮೂರು ಹನಿಗಳು ನನ್ನಿಂದ ಆಡಿಸಿದ ಮಾತುಗಳನ್ನು ಇಂದಿಗೂ ಮರೆಯಲಾಗದ ಕಾರಣ ಈ ಪ್ರಸಂಗವನ್ನು ಓದುಗರ ಮುಂದೆ ಇಡುತ್ತಿದ್ದೇನೆ.

ನನ್ನ ತಮ್ಮನ ಮಗ ಬೆಂಗಳೂರಿನಲ್ಲಿ ಉದ್ಯೋಗಿ. ಓದುವ ಕಾಲದಿಂದಲೂ ಅವನಿಗೆ ವೇಗದ ಕಾರುಗಳ ಹುಚ್ಚು. ಆರು ವರ್ಷ ದುಡಿದು ಕೂಡಿಟ್ಟ ಹಣದಲ್ಲಿ ಹನ್ನೆರಡು ವರ್ಷ ಹಳೆಯದಾದ ಒಂದು ಟರ್ಬೊ ಪೆಟ್ರೋಲ್ ಕಾರನ್ನು ಕೊಂಡಿದ್ದ. ಅದರ ಹೆಸರು ಇಲ್ಲಿ ಅಪ್ರಸ್ತುತ. ನೋಡಲು ಸಾಧಾರಣ ಸಂಸಾರಿಗಳ ಕಾರಿನಂತೆಯೇ ಇದ್ದರೂ ಅದರ 1.8 ಲೀಟರ್ ಎಂಜಿನ್ 150 ಅಶ್ವಶಕ್ತಿಯನ್ನು ಹೊಮ್ಮಿಸುತ್ತಿತ್ತು. ಸಂಕ್ರಾಂತಿಗೆಂದು ದಾವಣಗೆರೆಗೆ ಬಂದವನು, "ದೊಡ್ಡಪ್ಪ, ಆಯಿಲ್ ಬದಲಿಸುವ ಸಮಯವಾಗಿದೆ, ಇಲ್ಲಿಯೇ ಮಾಡಿಸಿಬಿಡೋಣವೇ?" ಎಂದು ಕೇಳಿದ್ದ. ಹಳೆಯ ಪಿ.ಬಿ. ರಸ್ತೆಯ ಬದಿಯಲ್ಲಿರುವ ನನಗೆ ಪರಿಚಿತವಾದ ಒಂದು ಸಣ್ಣ ಗ್ಯಾರೇಜಿಗೆ ನಾನೇ ಅವನನ್ನು ಕರೆದೊಯ್ದಿದ್ದೆ. ಹದಿನೆಂಟು ಹತ್ತೊಂಬತ್ತರ ಹುಡುಗನೊಬ್ಬ ಗುಂಡಿಗೆ ಇಳಿದು ಹಳೆಯ ಎಣ್ಣೆಯನ್ನು ಬಸಿದು ಹೊಸದನ್ನು ತುಂಬಿ ಕೊಟ್ಟಿದ್ದ. ಅದಾದ ಎರಡನೆಯ ದಿನವೇ ಅಂಗಳದಲ್ಲಿ ಈ ಹನಿಗಳು.

ನಾನು ಮೂವತ್ತೊಂದು ವರ್ಷ ಪಾಲಿಟೆಕ್ನಿಕ್‌ನಲ್ಲಿ ಉಷ್ಣಗತಿಶಾಸ್ತ್ರವನ್ನು ಪಾಠ ಮಾಡಿದವನು. ಕಪ್ಪುಹಲಗೆಯ ಮೇಲೆ ಎಂಜಿನ್ನಿನ ಚಿತ್ರವನ್ನು ಎಷ್ಟು ಸಾವಿರ ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಕಾರಿನ ಕೆಳಗೆ ಬೆನ್ನು ಹಾಸಿ ಮಲಗಿದವನಲ್ಲ. ಈ ವಿಷಯದಲ್ಲಿ ನನ್ನ ತೀರ್ಮಾನಕ್ಕೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಮೊನ್ನೆಯವರೆಗೆ ಸೋರುತ್ತಿರಲಿಲ್ಲ, ನಿನ್ನೆ ಎಣ್ಣೆ ಬದಲಾಯಿತು, ಇಂದು ಸೋರುತ್ತಿದೆ. ಆದುದರಿಂದ ಎಣ್ಣೆ ಬದಲಿಸಿದವನು ಬೋಲ್ಟನ್ನು ಸರಿಯಾಗಿ ಬಿಗಿದಿಲ್ಲ. ತರ್ಕ ಎಷ್ಟು ಸರಳ!

ಗ್ಯಾರೇಜಿಗೆ ಹೋಗಿ ಆ ಹುಡುಗನನ್ನು ಕರೆದು, ನಾಲ್ಕು ಜನ ಗಿರಾಕಿಗಳ ಎದುರಿಗೆ, ಬಾಯಿಗೆ ಬಂದಂತೆ ಮಾತನಾಡಿದೆ. "ಒಂದು ಬೋಲ್ಟ್ ಬಿಗಿಯಲು ಬಾರದವನು ಈ ಕೆಲಸಕ್ಕೆ ಏಕೆ ಬಂದೆ?" ಎಂದೆ. "ಇಲ್ರಿ ಸರ್, ಹೊಸ ವಾಷರ್ ಹಾಕೀನಿ, ಬಿಗಿದೀನಿ. ಆದ್ರ ಆ ತಟ್ಟೆಯಾಗ ಮೊದ್ಲ…" ಎಂದು ಅವನು ಏನನ್ನೋ ಹೇಳಲು ಹೊರಟ. ನಾನು ಅವನ ಮಾತನ್ನು ಮುಗಿಸಗೊಡಲಿಲ್ಲ. ಮೇಸ್ತ್ರಿ ಬಂದು ಕಾರಿನ ಕೆಳಗೆ ಬಗ್ಗಿ ಕೈಯಾಡಿಸಿದ. ಚೇಂಬರ್‌ನ ಬೋಲ್ಟಿನ ಸುತ್ತ ಕೈಗೆ ಎಣ್ಣೆ ಹತ್ತಿತು. ಅಷ್ಟು ಸಾಕಾಯಿತು. ಗಿರಾಕಿಯ ಮುಂದೆ ಮರ್ಯಾದೆ ಹೋದಂತಾಗಿ ಮೇಸ್ತ್ರಿಯೂ ಹುಡುಗನಿಗೆ ಬಯ್ದ. ಬೋಲ್ಟನ್ನು ಇನ್ನಷ್ಟು ಬಿಗಿದು ಕೊಟ್ಟ. ಹುಡುಗ ತಲೆ ತಗ್ಗಿಸಿ ಒಳಗೆ ಹೋದ. ನಾವು ಗೆದ್ದವರಂತೆ ಮನೆಗೆ ಬಂದೆವು.

ಚೇಂಬರ್ ಎಂದು ಗ್ಯಾರೇಜಿನವರು ಕರೆಯುವುದು ಎಂಜಿನ್ನಿನ ತಳದಲ್ಲಿರುವ ಎಣ್ಣೆಯ ತೊಟ್ಟಿಯನ್ನು. ಇಡೀ ಎಂಜಿನ್ನಿನಲ್ಲಿ ಅತ್ಯಂತ ಕೆಳಗಿರುವುದು ಅದೇ, ಅದರಲ್ಲಿಯೂ ಅತ್ಯಂತ ಕೆಳಗಿರುವುದು ಆ ಬೋಲ್ಟು. ಮೇಲೆ ಎಲ್ಲಿಯೇ ಸೋರಿದರೂ ಎಣ್ಣೆ ಇಳಿದು ಬಂದು ಜೋತುಬೀಳುವುದು ಅಲ್ಲಿಯೇ. ಮಾಳಿಗೆ ಮನೆಯಲ್ಲಿ ವಾಸಿಸಿದವರಿಗೆಲ್ಲ ಇದು ಗೊತ್ತು: ಮಳೆಯ ನೀರು ಹೊಗುವುದು ಮಾಡಿನ ಒಂದು ಮೂಲೆಯಲ್ಲಿ, ತೊಲೆಯ ಗುಂಟ ಹರಿದು ತೊಟ್ಟಿಕ್ಕುವುದು ನಡುಮನೆಯಲ್ಲಿ. ನಮ್ಮ ಹಳ್ಳಿಯ ಮನೆಯಲ್ಲಿ ಹಾಗೆ ತೊಟ್ಟಿಕ್ಕುವ ಜಾಗಕ್ಕೆ ಕೊಡಪಾನ ಇಟ್ಟು ಬೆಳೆದವನು ನಾನು. ಆದರೂ ನನಗೆ ಹೊಳೆಯಲಿಲ್ಲ.

ಬೆಂಗಳೂರಿಗೆ ಮರಳಿದ ಹತ್ತು ದಿನಗಳಲ್ಲಿ ತಮ್ಮನ ಮಗ ಫೋನ್ ಮಾಡಿದ. ಸೋರುವುದು ನಿಂತಿರಲಿಲ್ಲ. ಅಲ್ಲಿನ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಕಾರನ್ನು ಮೇಲಕ್ಕೆತ್ತಿ ನೋಡಿ, ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಇರುವ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು, ಇಳಿಸಿದ ಮೇಲೆ ಕ್ಲಚ್ಚನ್ನೂ ಬದಲಿಸುವುದೇ ಲೇಸು ಎಂದು ಹೇಳಿ ಅರವತ್ತು ಸಾವಿರ ರೂಪಾಯಿಗೆ ಮೇಲ್ಪಟ್ಟ ಲೆಕ್ಕವನ್ನು ಬರೆದುಕೊಟ್ಟಿದ್ದರು. ಅವರ ಮಾತನ್ನು ಸುಳ್ಳೆಂದು ತಳ್ಳಿಹಾಕುವಂತೆಯೂ ಇರಲಿಲ್ಲ. ಆ ಸೀಲು ಸೋರುವುದು ಅಪರೂಪವೇನಲ್ಲ. ಪೋರ್ಷೆ ಕಂಪನಿಯ 996 ಮಾದರಿಯ 911 ಮತ್ತು ಮೊದಲ ತಲೆಮಾರಿನ ಬಾಕ್ಸ್‌ಸ್ಟರ್ ಕಾರುಗಳ ಮಾಲೀಕರ ನಡುವೆ ಈ ಸೀಲಿನ ಸೋರಿಕೆ ಹೆಸರುವಾಸಿಯಾದ ಸಂಗತಿ. ಗೇರ್ ಬಾಕ್ಸಿನ ಗೂಡಿನ ಕೆಳತುದಿಯಿಂದ ಎಣ್ಣೆ ತೊಟ್ಟಿಕ್ಕಿದರೆ ಯಾವ ಮೆಕ್ಯಾನಿಕ್ಕನ ಮನಸ್ಸೂ ಮೊದಲು ಹೋಗುವುದು ಅತ್ತಲೇ.

ಅಷ್ಟರಲ್ಲಿ ಬಂಧುಗಳ ಮನೆಯ ಗೃಹಪ್ರವೇಶವೊಂದು ಬಂದಿತು. ಅವನು ಎಣ್ಣೆಯ ಮಟ್ಟವನ್ನು ನೋಡಿಕೊಳ್ಳುತ್ತಾ ಮತ್ತೆ ಊರಿಗೆ ಬಂದ. ಎಣ್ಣೆ ಎಷ್ಟು ಹೋಗುತ್ತದೆ ಎಂಬುದನ್ನು ಜನ ಸಾಮಾನ್ಯವಾಗಿ ಅಂದಾಜು ಮಾಡಲಾರರು. ಇಪ್ಪತ್ತು ಹನಿ ಸೇರಿದರೆ ಹತ್ತಿರ ಹತ್ತಿರ ಒಂದು ಮಿಲಿಲೀಟರ್. ನಿಮಿಷಕ್ಕೆ ಒಂದೇ ಹನಿ ಬಿದ್ದರೂ ದಿನಕ್ಕೆ 1440 ಹನಿ, ಅಂದರೆ 72 ಮಿಲಿಲೀಟರ್. ಎರಡು ವಾರಕ್ಕೆ ಒಂದು ಲೀಟರ್. ಅಂತಹ ಎಂಜಿನ್ನಿನಲ್ಲಿ ಇರುವುದೇ ನಾಲ್ಕೂವರೆ ಲೀಟರಿನಷ್ಟು ಎಣ್ಣೆ. ಟರ್ಬೊ ಇರುವ ಎಂಜಿನ್ನಿನಲ್ಲಿ ಈ ಅಲಕ್ಷ್ಯ ಇನ್ನೂ ಅಪಾಯಕಾರಿ. ಹೊರಹೋಗುವ ಬಿಸಿ ಹೊಗೆಯ ಬಲದಿಂದ ತಿರುಗುವ ಅದರ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತಲೂ ಹೆಚ್ಚು ತಿರುಗುತ್ತದೆ. ಆ ಚಕ್ರದ ದಂಡವನ್ನು ಹೊತ್ತಿರುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪೊರೆ. ಎಣ್ಣೆ ತಪ್ಪಿದರೆ ಅದು ಸುಟ್ಟುಹೋಗಲು ಹೆಚ್ಚು ಹೊತ್ತು ಬೇಡ. ಇನ್ನೊಂದೆಡೆ, ಸೋರಿದ ಎಣ್ಣೆ ಕೆಂಪಗೆ ಕಾಯ್ದ ಟರ್ಬೊದ ಮೈಮೇಲೆ ಬಿದ್ದರೆ ಬೆಂಕಿಯ ಭಯ.

ಅರವತ್ತು ಸಾವಿರ ಕೊಡುವ ಮೊದಲು ಮತ್ತೊಮ್ಮೆ ನೋಡಿಸೋಣವೆಂದು ಅದೇ ಮೇಸ್ತ್ರಿಯ ಬಳಿ ಹೋದೆವು. ಆತ ಈ ಸಲ ಅವಸರ ಮಾಡಲಿಲ್ಲ. "ಸರ್, ಎರಡು ದಿನ ಬಿಡ್ರಿ. ಮೊದ್ಲು ತೊಳೀಬೇಕು" ಎಂದ. ನಿವೃತ್ತನಾದ ನನಗೆ ಬೇರೆ ಕೆಲಸವೇನಿದೆ? ಎರಡು ದಿನವೂ ಅಲ್ಲಿಯೇ ಕುಳಿತೆ. ಅಲ್ಲ, ಗುಂಡಿಗೆ ಇಳಿದು ನಿಂತೆ.

ವೇಗದ ಕಾರುಗಳ ಹೊಟ್ಟೆಯ ಅಡಿಗೆ ಗಾಳಿ ಅಡೆತಡೆಯಿಲ್ಲದೆ ಜಾರಿ ಹೋಗಲೆಂದು ಅಗಲವಾದ ಪ್ಲಾಸ್ಟಿಕ್ ತಟ್ಟೆಯೊಂದನ್ನು ಜೋಡಿಸಿರುತ್ತಾರೆ. ಶಬ್ದ ಹೀರಿಕೊಳ್ಳಲು ಅದಕ್ಕೆ ಕಂಬಳಿಯಂತಹ ಪದರವೂ ಇರುತ್ತದೆ. ಸೋರಿಕೆಯ ಜಾಡು ಹಿಡಿಯುವವನಿಗೆ ಈ ತಟ್ಟೆಯೇ ದೊಡ್ಡ ಶತ್ರು. ಮೇಸ್ತ್ರಿ ಸ್ಕ್ರೂಗಳನ್ನು ಬಿಚ್ಚಿ ತಟ್ಟೆಯನ್ನು ಇಳಿಸಿದಾಗ ನನಗೆ ಕಂಡ ದೃಶ್ಯವನ್ನು ಏನೆಂದು ಹೇಳಲಿ! ಕಂಬಳಿಯ ಪದರವೆಲ್ಲ ಎಣ್ಣೆ ಕುಡಿದು ತೊಯ್ದ ಗೋಣಿಚೀಲದಂತೆ ಭಾರವಾಗಿತ್ತು. ಅದಕ್ಕೆ ಹತ್ತಿಕೊಂಡಿದ್ದ ಧೂಳು ತಿಂಗಳುಗಟ್ಟಲೆ ಹಳೆಯದು. ಒತ್ತಿದರೆ ಕಾಡಿಗೆಯಂತಹ ಕಪ್ಪು ಎಣ್ಣೆ ಜಿನುಗಿತು. ಆಗ ನನಗೆ ಆ ಹುಡುಗನ ಅರ್ಧ ಮಾತು ನೆನಪಾಯಿತು: "ಆ ತಟ್ಟೆಯಾಗ ಮೊದ್ಲ…"

ಸೋರಿಕೆ ಬಹಳ ಕಾಲದಿಂದ ಇತ್ತು. ಸೋರಿದ್ದನ್ನೆಲ್ಲ ತಟ್ಟೆ ಕುಡಿದುಕೊಂಡು ಗುಟ್ಟಾಗಿಟ್ಟಿತ್ತು. ಎಣ್ಣೆ ಬದಲಿಸಲು ತಟ್ಟೆಯನ್ನು ಬಿಚ್ಚಿ ಮತ್ತೆ ಜೋಡಿಸುವಾಗ ಅದು ಅಲುಗಾಡಿ, ನಿಂತ ಎಣ್ಣೆ ಹೊಸ ದಾರಿ ಹಿಡಿದು ನಮ್ಮ ಅಂಗಳಕ್ಕೆ ಬಿದ್ದಿತ್ತು. ನನ್ನ ಸರಳ ತರ್ಕ ಅಲ್ಲಿಗೆ ಮುರಿದುಬಿತ್ತು. ನಾನು ಏನೂ ಮಾತನಾಡಲಿಲ್ಲ, ಮೇಸ್ತ್ರಿಯೂ ಆಡಲಿಲ್ಲ. ಗ್ಯಾರೇಜಿನಲ್ಲಿ ಆ ಹುಡುಗ ಮಾತ್ರ ಕಾಣಿಸಲಿಲ್ಲ.

ಮೇಸ್ತ್ರಿಯ ಪರೀಕ್ಷೆಯ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಕಾರು ಇಟ್ಟುಕೊಂಡ ಭಕ್ತರು ನಮ್ಮಲ್ಲಿ ಬಹಳ ಜನರಿದ್ದಾರೆ, ಅವರಿಗೆ ಉಪಯೋಗವಾದೀತು. ಕೆಳಗೆ ಬೀಳುವುದೆಲ್ಲ ಎಂಜಿನ್ ಆಯಿಲ್ ಅಲ್ಲ. ಬಿಳಿಯ ರಟ್ಟನ್ನು ರಾತ್ರಿ ಕಾರಿನ ಕೆಳಗೆ ಹಾಸಿಟ್ಟರೆ ಬಣ್ಣ ತಿಳಿಯುತ್ತದೆ, ಬಿದ್ದ ಜಾಗವೂ ಗೊತ್ತಾಗುತ್ತದೆ. ಬರಿಯ ನೀರಾದರೆ ಅದು ಎ.ಸಿ.ಯಿಂದ ಬಂದದ್ದು, ಚಿಂತೆಯಿಲ್ಲ. ಹಸಿರು ಅಥವಾ ಗುಲಾಬಿ ಬಣ್ಣವಿದ್ದು ಸಿಹಿ ವಾಸನೆ ಬಂದರೆ ರೇಡಿಯೇಟರಿನ ಕೂಲಂಟ್. ಗೇರ್ ಆಯಿಲ್ಲಿಗೆ ಗಂಧಕದ ದುರ್ನಾತವಿರುತ್ತದೆ. ಚಕ್ರದ ಬಳಿ ತಿಳಿಯಾದ, ಜಾರುವ ದ್ರವ ಬಿದ್ದಿದ್ದರೆ ಅದು ಬ್ರೇಕಿನದು. ಆಗ ಕಾರನ್ನು ಒಂದು ಗಜವೂ ಓಡಿಸಬಾರದು.

ಬಣ್ಣ ನೋಡಿದ ಮೇಲೆ ಮೇಸ್ತ್ರಿ ಎಂಜಿನ್ನಿನ ಕೆಳಮೈಯನ್ನೆಲ್ಲ ಜಿಡ್ಡು ಬಿಡಿಸುವ ದ್ರವ ಹಚ್ಚಿ, ಬ್ರಷ್ಷಿನಿಂದ ಉಜ್ಜಿ, ತೊಳೆದು, ಗಾಳಿ ಊದಿ ಒಣಗಿಸಿದ. ಮೈಯೆಲ್ಲ ಎಣ್ಣೆಯಾಗಿದ್ದರೆ ಯಾವುದು ಹಳೆಯದು ಯಾವುದು ಹೊಸದು ಎಂದು ಬ್ರಹ್ಮನೂ ಹೇಳಲಾರ. ಅದರ ಮೇಲೆ, ಓಡುವಾಗಿನ ಗಾಳಿ ಎಣ್ಣೆಯನ್ನು ಹಿಂದಕ್ಕೆ ಹಿಂದಕ್ಕೆ ಒಯ್ಯುತ್ತದೆ. ಆದುದರಿಂದ ನೋಡಬೇಕಾದದ್ದು ಒದ್ದೆಯಾದ ಜಾಗಗಳಲ್ಲಿ ಅತ್ಯಂತ ಮೇಲಿನದನ್ನು, ಅತ್ಯಂತ ಮುಂದಿನದನ್ನು. ತಮ್ಮನ ಮಗ ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣದ ಒಂದು ಸಣ್ಣ ಸೀಸೆಯನ್ನು ಬೆಂಗಳೂರಿನಿಂದಲೇ ತಂದಿದ್ದ. ಅದನ್ನು ಎಂಜಿನ್ ಆಯಿಲ್ಲಿಗೆ ಬೆರೆಸಿ ಹರಿಹರದವರೆಗೆ ಹೋಗಿ ಬಂದೆವು, ಎರಡೂ ಕಡೆ ಸೇರಿ ಮೂವತ್ತು ಕಿಲೋಮೀಟರ್ ಇರಬಹುದು. ಪಕ್ಕದ ಅಂಗಡಿಯ ಎ.ಸಿ. ರಿಪೇರಿಯವನಿಂದ ಟಾರ್ಚನ್ನು ಎರವಲು ತಂದು, ಶಟರ್ ಇಳಿಸಿ ಕತ್ತಲು ಮಾಡಿ ನೋಡಿದೆವು.

ಚೇಂಬರ್‌ನ ಬೋಲ್ಟು ಒಣಗಿತ್ತು! ಹುಡುಗ ಬಿಗಿದಿದ್ದ ಬೋಲ್ಟಿನ ಸುತ್ತ ಒಂದು ಚುಕ್ಕೆ ಹೊಳಪೂ ಇರಲಿಲ್ಲ. ಗೇರ್ ಬಾಕ್ಸಿನ ಗೂಡಿನ ಕೆಳಗೆ ಹಳದಿ ಹಸಿರಿನ ಒಂದು ಎಳೆ ಹೊಳೆಯಿತು. ಬೆಂಗಳೂರಿನವರು ನಿಲ್ಲಿಸಿದ್ದು ಇಲ್ಲಿಗೆ. ಮೇಸ್ತ್ರಿ ಆ ಎಳೆಯನ್ನು ಬೆಳಕಿನಿಂದ ಮೇಲಕ್ಕೆ ಹಿಂಬಾಲಿಸುತ್ತಾ ಹೋದ. ಗೂಡಿನ ಬೆನ್ನ ಮೇಲೆ, ಅಲ್ಲಿಂದ ಎಂಜಿನ್ನಿನ ಗೋಡೆಯ ಮೇಲೆ, ಅಲ್ಲಿಂದ ಇನ್ನೂ ಮೇಲೆ ಏರಿ, ಕೊನೆಗೆ ನೆತ್ತಿಯ ಟ್ಯಾಪೆಟ್ ಕವರ್‌ನ ಹಿಂದಿನ ಮೂಲೆಯಲ್ಲಿ ಅದು ಮುಗಿಯಿತು. ಅದರ ಒಂದು ಕವಲು ಟರ್ಬೊದ ಕಡೆಗೂ ಇಳಿದಿತ್ತು. ದೂರ ಪ್ರಯಾಣದ ನಂತರ ಏನೋ ಸುಟ್ಟ ವಾಸನೆ ಬರುತ್ತದೆ ಎಂದು ತಮ್ಮನ ಮಗ ಸಂಕ್ರಾಂತಿಯ ದಿನವೇ ಹೇಳಿದ್ದ. ತಳದ ಬೋಲ್ಟಿನಿಂದ ನೆಲಕ್ಕೆ ಬಿದ್ದ ಎಣ್ಣೆ ಸುಡುವುದೆಂತು? ಅಲ್ಲಿ ಬಿಸಿಯಾದದ್ದು ಯಾವುದಿದೆ? ಮೂವತ್ತೊಂದು ವರ್ಷ ಉಷ್ಣದ ಪಾಠ ಹೇಳಿದವನಿಗೆ ಇಷ್ಟು ತೋಚದೆ ಹೋಯಿತು.

ಟ್ಯಾಪೆಟ್ ಕವರ್ ತೆಗೆದು ಅದರ ರಬ್ಬರ್ ಪ್ಯಾಕಿಂಗ್ ಅನ್ನು ಕೈಗೆ ಕೊಟ್ಟ. ಬಗ್ಗಿಸಿದರೆ ಒಣಗಿದ ಹುಣಸೆ ಸಿಪ್ಪೆಯಂತೆ ಚಟ್ಟನೆ ಮುರಿಯಿತು. ಸೀಲಿನ ಗುಣವಿರುವುದು ಒತ್ತಿದಾಗ ಬಗ್ಗಿ, ಬಿಟ್ಟಾಗ ಮತ್ತೆ ಹಿಂದಿರುಗುವುದರಲ್ಲಿ. ಆ ಗುಣ ಹೋದ ರಬ್ಬರ್ ಇದ್ದೂ ಇಲ್ಲದಂತೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಏಳು ಜನ ಯಾತ್ರಿಗಳೊಂದಿಗೆ ನಾಶವಾದದ್ದು ಇಂತಹುದೇ ಒಂದು ರಬ್ಬರ್ ಉಂಗುರ ಚಳಿಗೆ ಬಿರುಸಾದ ಕಾರಣ. ವಿಚಾರಣೆಯ ವೇಳೆ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅದರ ತುಂಡೊಂದನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿ ಎಲ್ಲರ ಎದುರು ತೋರಿಸಿದ್ದರು. ಅಲ್ಲಿ ಚಳಿ ಮಾಡಿದ್ದನ್ನು ಇಲ್ಲಿ ಹನ್ನೆರಡು ವರ್ಷಗಳ ಬಿಸಿ ಮಾಡಿತ್ತು.

ಹೊಸ ಪ್ಯಾಕಿಂಗ್ ಹಾಕಿದರೆ ಕೆಲಸ ಮುಗಿಯಿತು ಎಂದು ನಾನು ಎದ್ದೆ. ಮೇಸ್ತ್ರಿ ನಕ್ಕು, "ಕುಂಡ್ರಿ ಸರ್, ಇದು ಯಾಕ ಹೋತು ಅಂತ ನೋಡ್ಬೇಕಲ್ರಿ" ಎಂದ. ಹಳೆಯ ಪ್ಯಾಕಿಂಗನ್ನೇ ತಾತ್ಕಾಲಿಕವಾಗಿ ಕೂರಿಸಿ ಎಂಜಿನ್ ಚಾಲೂ ಮಾಡಿ, ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದು, ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಹರಡಿ ಹಿಡಿದ. ಹಾಳೆ ಪೂರಿಯಂತೆ ಉಬ್ಬಿ ನಿಂತಿತು. ಸ್ವಸ್ಥವಾದ ಎಂಜಿನ್ನಿನಲ್ಲಿ ಅದು ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳಬೇಕು. "ಬ್ಯಾಕ್ ಕಂಪ್ರೆಷನ್ ಐತ್ರಿ" ಎಂದ.

ಸಿಲಿಂಡರಿನಲ್ಲಿ ಪೆಟ್ರೋಲ್ ಉರಿದಾಗ ಹುಟ್ಟುವ ಅನಿಲದಲ್ಲಿ ಸ್ವಲ್ಪ ಭಾಗ ಪಿಸ್ಟನ್ನಿನ ಬಳೆಗಳನ್ನು ದಾಟಿ ಎಂಜಿನ್ನಿನ ಹೊಟ್ಟೆಗೆ ಇಳಿಯುತ್ತದೆ. ಎಷ್ಟೇ ಹೊಸ ಎಂಜಿನ್ ಆದರೂ ಇದು ತಪ್ಪದು. ಟರ್ಬೊ ಇದ್ದಲ್ಲಿ ಒತ್ತಡ ಹೆಚ್ಚು, ಇಳಿಯುವುದೂ ಹೆಚ್ಚು. ಹಿಂದೆ ಅದನ್ನು ಒಂದು ಕೊಳವೆಯಿಂದ ನೇರವಾಗಿ ರಸ್ತೆಗೆ ಬಿಟ್ಟುಬಿಡುತ್ತಿದ್ದರು. 1960ರ ದಶಕದ ಆರಂಭದಲ್ಲಿ, ಕ್ಯಾಲಿಫೋರ್ನಿಯಾದ ಹೊಗೆಯ ಕಾಟದಿಂದಾಗಿ, ಅದನ್ನು ಮತ್ತೆ ಎಂಜಿನ್ನಿಗೇ ಎಳೆದು ಸುಡುವ ಏರ್ಪಾಡು ಬಂದಿತು. ಅದೇ ಬ್ರೀದರ್ ಪೈಪು ಮತ್ತು ಅದರ ಕವಾಟ. ಈ ಕಾರಿನಲ್ಲಿ ಆ ಪೈಪಿನೊಳಗೆ ಬೆಣ್ಣೆಯಂತಹ ಕಂದು ಕೆಸರು ಗಟ್ಟಿಯಾಗಿ ಮೆತ್ತಿಕೊಂಡಿತ್ತು, ಕವಾಟ ಸಿಕ್ಕಿಬಿದ್ದಿತ್ತು. ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ಮೂರು ನಾಲ್ಕು ಕಿಲೋಮೀಟರಿನ ಓಡಾಟ, ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಲುಗಡೆ. ಒಳಗಿನ ನೀರಾವಿ ಹೊರಗೆ ಹೋಗದೆ ಎಣ್ಣೆಯೊಡನೆ ಕಲೆತು ಈ ಕೆಸರಾಗುತ್ತದೆ. ಒಳಗಿನ ಉಸಿರಿಗೆ ದಾರಿಯಿಲ್ಲದಾದಾಗ ಅದು ಅತ್ಯಂತ ದುರ್ಬಲವಾದ ಪ್ಯಾಕಿಂಗನ್ನು ಹುಡುಕಿ ಎಣ್ಣೆಯನ್ನು ದೂಡುತ್ತದೆ. ಟ್ಯಾಪೆಟ್ ಕವರನ್ನಷ್ಟೇ ಸರಿಪಡಿಸಿದ್ದರೆ ಆರು ತಿಂಗಳಲ್ಲಿ ನಿಜವಾಗಿಯೂ ಕ್ರ್ಯಾಂಕ್ ಸೀಲೇ ಸೋರುತ್ತಿತ್ತೇನೋ.

ಒಂದು ಸಂದೇಹ ಉಳಿದಿತ್ತು. ಪಿಸ್ಟನ್ನಿನ ಬಳೆಗಳೇ ಸವೆದಿದ್ದರೂ ಹಾಳೆ ಹೀಗೆಯೇ ಉಬ್ಬುತ್ತದೆ. ಹಾಗಾಗಿದ್ದರೆ ಎಂಜಿನ್ನನ್ನೇ ಬಿಚ್ಚಬೇಕು. ಹೊಸ ಪೈಪು, ಹೊಸ ಕವಾಟ, ಹೊಸ ಪ್ಯಾಕಿಂಗ್ ಜೋಡಿಸಿ ಮತ್ತೆ ಹಾಳೆ ಹಿಡಿಯುವವರೆಗೆ ತಮ್ಮನ ಮಗನ ಮುಖದಲ್ಲಿ ರಕ್ತವಿರಲಿಲ್ಲ. ಹಾಳೆ ಒಳಕ್ಕೆ ಎಳೆದುಕೊಂಡಿತು. ಎಲ್ಲ ಸೇರಿ ಆದ ಖರ್ಚು ಒಂಬತ್ತು ಸಾವಿರದ ಚಿಲ್ಲರೆ.

ಹಣ ಕೊಡುವಾಗ ಆ ಹುಡುಗನನ್ನು ಕೇಳಿದೆ. ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತಿಂದ ಎಂಟು ದಿನಕ್ಕ ಬಿಟ್ಟು ಹೋದ ಸರ್. ಹೈವೇ ಮ್ಯಾಲೆ ಪಂಕ್ಚರ್ ಅಂಗಡ್ಯಾಗ ಅದಾನ. ಕೆಲ್ಸ ಚಲೋ ಕಲ್ತಿದ್ದ" ಎಂದ. ನನ್ನ ಮೇಲೆ ತಪ್ಪು ಹೊರಿಸಿ ಅವನು ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನ ಸ್ಕೂಟರ್ ಏರಿ ಚಿತ್ರದುರ್ಗದ ಕಡೆಗೆ ಹೆದ್ದಾರಿಯ ಬದಿಯಲ್ಲಿ ಹುಡುಕುತ್ತಾ ಹೋದೆ. ಮೂರನೆಯ ಅಂಗಡಿಯಲ್ಲಿ ಸಿಕ್ಕಿದ. ಲಾರಿಯ ಟೈರೊಂದನ್ನು ನೀರಿನ ತೊಟ್ಟಿಯಲ್ಲಿ ತಿರುಗಿಸುತ್ತಾ ಗುಳ್ಳೆ ಏಳುವ ಜಾಗವನ್ನು ನೋಡುತ್ತಿದ್ದ. ನನ್ನನ್ನು ಗುರುತಿಸಿ ಎದ್ದು ನಿಂತ. "ಬೋಲ್ಟ್ ಸೋರಿರಲಿಲ್ಲಪ್ಪ. ನೀನು ಸರಿಯಾಗಿಯೇ ಬಿಗಿದಿದ್ದೆ. ತಟ್ಟೆಯಲ್ಲಿ ಮೊದಲೇ ಎಣ್ಣೆ ಇತ್ತು. ನಾನು ತಪ್ಪು ಮಾತನಾಡಿದೆ" ಎಂದೆ. ಹೇಳಬೇಕೆಂದು ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದ ಉಳಿದ ವಾಕ್ಯಗಳು ನಾಲಿಗೆಗೆ ಬರಲಿಲ್ಲ.

"ಗೊತ್ತೈತ್ರಿ ಸರ್" ಎಂದ. "ಆ ತಟ್ಟೆ ಬಿಚ್ಚಿದಾಗ್ಲೇ ನೋಡಿದ್ದೆ. ಎಲ್ಲಿಂದ ಬರ್ತಿತ್ರಿ ಅದು?"

ಹೇಳಿದೆ. ಟ್ಯಾಪೆಟ್ ಕವರ್, ಬ್ರೀದರ್ ಪೈಪು, ಪ್ಲಾಸ್ಟಿಕ್ ಹಾಳೆ ಎಲ್ಲವನ್ನೂ. ಟೈರನ್ನು ಬಿಟ್ಟು, ಒದ್ದೆ ಕೈಗಳನ್ನು ಸೊಂಟಕ್ಕೆ ಒರೆಸಿಕೊಳ್ಳುತ್ತಾ ಅವನು ಗಮನವಿಟ್ಟು ಕೇಳಿದ. ಹಾಳೆಯನ್ನು ಯಾವ ಕಡೆಯಿಂದ ಹಿಡಿಯಬೇಕು, ಎಂಜಿನ್ ಎಷ್ಟು ಬಿಸಿಯಾಗಿರಬೇಕು ಎಂದು ಎರಡು ಪ್ರಶ್ನೆ ಕೇಳಿದ. ಎರಡನೆಯದಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ. ಮೇಸ್ತ್ರಿಯನ್ನೇ ಕೇಳಬೇಕು, ಬಾ, ಅವನೂ ನಿನ್ನನ್ನು ನೆನೆಯುತ್ತಿದ್ದಾನೆ ಎಂದೆ. ಅವನು ಹೂಂ ಎನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ನನ್ನ ಸ್ಕೂಟರಿನ ಹಿಂದಿನ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಗಾಳಿ ಕಡಿಮಿ ಐತ್ರಿ" ಎಂದು ಪೈಪು ಎಳೆದು ತಂದು ತುಂಬಿದ. ಐದು ರೂಪಾಯಿ ತೆಗೆದುಕೊಂಡ.